ನೂರ ನಲವತ್ತೆಂಟು ದಿನ

ಸುಣ್ಣದ ನೀರಿನಲ್ಲಿ ನೆನೆದ ಮುಸುಕಿನ ಜೋಳವನ್ನು ಅರೆಯುತ್ತಿದ್ದ ಇಶ್ ಮುಯಲ್, ಎಂಟನೆಯ ಹಿಡಿಗೆ ಬಂದಾಗ ತಾನು ಎಣಿಸುತ್ತಿದ್ದೇನೆಂದು ಗೊತ್ತಾಗಿ ಕೈ ನಿಲ್ಲಿಸಿದಳು. ಇನ್ನು ಏನನ್ನೂ ಎಣಿಸಬಾರದೆಂದು ಗಂಡ ಸತ್ತ ದಿನ ನಿಶ್ಚಯ ಮಾಡಿಕೊಂಡಿದ್ದಳು. ಅದಾಗಿ ಐವತ್ತೊಂದು ದಿನವಾಗಿತ್ತು. ಐವತ್ತೊಂದು ಎಂದು ತಿಳಿದಿರುವುದರಲ್ಲೇ ಆ ನಿಶ್ಚಯದ ಗತಿ ಕಾಣುತ್ತಿತ್ತು. ಈವತ್ತಿನ ದಿನದ ಹೆಸರು ಒಂದು ಇಕ್, ಗಾಳಿಯ ದಿನ. ಗಾಳಿ ಮಾತ್ರ ಇರಲಿಲ್ಲ. ಅಂಗಳದ ಸುಣ್ಣದ ನೆಲ ಬೆಳಿಗ್ಗೆಯೇ ಕಾದು ಕಣ್ಣಿಗೆ ಚುಚ್ಚುತ್ತಿತ್ತು.

"ಯಾಕೆ ಕಲ್ಲು ಸುಮ್ನಾಯ್ತು? ಕೂತಲ್ಲೇ ನಿದ್ದೆ ಬಂತಾ?" ಹೊಸ್ತಿಲ ಮೇಲೆ ಕುಂಬಳಬೀಜ ಸುಲಿಯುತ್ತಿದ್ದ ಅತ್ತೆ ಇಶ್ ಕಬಾನ್ ತಲೆ ಎತ್ತದೆ ಕೇಳಿದಳು.

"ಇಲ್ಲ ಅತ್ತೆ. ಕೈ ಹಿಡ್ಕೊಂಡಿತು."

"ಅರೆಯೋ ಕೈಗೆ ಅದೇನು ಹಿಡಿತವೋ. ನನ್ನ ಮಗ ಬೆಳಗಿಂದ ಸಂಜೆ ತನಕ ಕುಂಚ ಹಿಡಿದು ಕೂರ್ತಿದ್ದ. ಒಂದಿನ ಕೈ ನೋವು ಅಂದವನಲ್ಲ."

ಮುಯಲ್ ಮತ್ತೆ ಅರೆಯತೊಡಗಿದಳು. ಒಳಗೆ ನೆಲದಲ್ಲಿ ಒಂದು ಆಳುದ್ದದ ತೇಪೆ ಇತ್ತು. ಹಳೆಯ ಗಾರೆ ಬೂದಿಬಣ್ಣಕ್ಕೆ ತಿರುಗಿದ್ದರಿಂದ ಹೊಸದು ಬೆಳ್ಳಗೆ ಎದ್ದು ಕಾಣುತ್ತಿತ್ತು. ಅದರ ಕೆಳಗೆ ಹುನಾಲ್ ಇದ್ದ. ಬಾಯಲ್ಲಿ ಒಂದು ಹಿಡಿ ಜೋಳದ ಹಿಟ್ಟು, ಅತ್ತೆ ತನ್ನ ಸರದಿಂದ ಬಿಡಿಸಿಕೊಟ್ಟ ಒಂದು ಹಸಿರು ಕಲ್ಲಿನ ಮಣಿ. ಈ ಮನೆಯ ಸತ್ತವರೆಲ್ಲ ಹೀಗೆ ಮನೆಯಲ್ಲೇ ಇದ್ದರು. ಮಾವ ಒಲೆಯ ಮಗ್ಗುಲಲ್ಲಿ, ಮಾವನ ತಾಯಿ ಬಾಗಿಲ ಬಲಕ್ಕೆ. ದಿನಾ ಬೆಳಿಗ್ಗೆ ಅತ್ತೆ ಅಂಬಲಿಯ ಮೊದಲ ಬಟ್ಟಲನ್ನು ಮಗನ ತೇಪೆಯ ಮೇಲೆ ಸುರಿಯುತ್ತಿದ್ದಳು. ಒರೆಸುವ ಕೆಲಸ ಮುಯಲ್‌ಳದು. ಒರೆಸುವಾಗ ಗಾರೆ ಅಂಗೈಗೆ ತಣ್ಣಗೆ ತಾಗುತ್ತಿತ್ತು. ಈಗ ಅಳು ಬಂದೀತೇ ಎಂದು ಒಂದು ಕ್ಷಣ ಕಾಯುತ್ತಿದ್ದಳು. ಬರುತ್ತಿರಲಿಲ್ಲ. ಬಟ್ಟೆ ಹಿಂಡಿ, ಅಂಗಳದ ಬೇಲಿಗೆ ಒಣಹಾಕಿ, ಮುಂದಿನ ಕೆಲಸಕ್ಕೆ ಹೋಗುತ್ತಿದ್ದಳು. ನೆರೆಯ ಹೆಂಗಸರು ನೀರಿಗೆ ಹೋಗುವಾಗ ಅವಳನ್ನು ಕರೆಯುವುದನ್ನು ಬಿಟ್ಟಿದ್ದರು. ಅದೂ ಒಂದು ಸಮಾಧಾನವೇ ಆಗಿತ್ತು, ಏಕೆಂದರೆ ಅವರು ಯಾವಾಗಲೂ ಆ ದಿನದ ಮಾತನ್ನೇ ಎತ್ತುತ್ತಿದ್ದರು. ನೀನು ಎಲ್ಲಿದ್ದೆ, ನಾನು ಎಲ್ಲಿದ್ದೆ, ಸೂರ್ಯನನ್ನು ತಿನ್ನುವಾಗ ಯಾರ ನಾಯಿ ಮೊದಲು ಊಳಿಟ್ಟಿತು.

ಮುಯಲ್‌ಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಅರಸನ ಪುಸ್ತಕಮನೆಯಿಂದ ಬಂದವನು ಕೈತೊಳೆದು, ಚಾಪೆಯ ಮೇಲೆ ಕಪ್ಪು ಅವರೆಕಾಳನ್ನು ಹರಡಿ ಮಗಳನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದ. ಚುಕ್ಕೆಗೆ ಒಂದು, ಗೀಟಿಗೆ ಐದು, ಚಿಪ್ಪು ಬರೆದರೆ ಏನೂ ಇಲ್ಲ, ಎರಡು ಅಂಕಿ ಬಂದರೆ ಮೇಲಿನದಕ್ಕೆ ಇಪ್ಪತ್ತು ಪಟ್ಟು. ಅದು ಅವಳಿಗೆ ಹಲ್ಲು ಬೀಳುವ ಮೊದಲೇ ಬಂದಿತ್ತು. ಆಮೇಲೆ ಅಪ್ಪ ಸೂರ್ಯನ ಹಸಿವಿನ ಲೆಕ್ಕ ತೆಗೆದ. ಅದು ಸೂರ್ಯನ ಹಸಿವಲ್ಲ, ಸೂರ್ಯನನ್ನು ತಿನ್ನುವುದರ ಹಸಿವು. ಆರು ಚಂದ್ರ ಕಳೆದರೆ ಒಮ್ಮೆ ಅದು ಬಾಯಿ ತೆರೆಯುತ್ತದೆ, ನೂರ ಎಪ್ಪತ್ತೇಳು ದಿನಕ್ಕೆ. ಮತ್ತೆ ಆರು. ಮತ್ತೆ ಆರು. ಬಾಯಿ ತೆರೆದಾಗಲೆಲ್ಲ ನಮಗೆ ಕಾಣಬೇಕೆಂದಿಲ್ಲ, ಎಷ್ಟೋ ಸಲ ಬೇರೆ ದೇಶದವರ ತಲೆಯ ಮೇಲೆ ಆಗಿಹೋಗುತ್ತದೆ. "ಈಗ ಹೇಳು, ಮುಂದಿನದು ಯಾವಾಗ?" "ಆರು, ಅಪ್ಪ." "ತಪ್ಪು. ಈ ಸಲ ಐದೇ. ನೂರ ನಲವತ್ತೆಂಟು ದಿನಕ್ಕೇ ಬಂದ್ಬಿಡುತ್ತೆ." "ಯಾಕೆ?" "ಅದರ ಹೊಟ್ಟೆ, ಅದರ ಇಷ್ಟ. ಯಾಕೆ ಅಂತ ಅರಸ ನಮ್ಮನ್ನ ಕೇಳಲ್ಲ. ಯಾವಾಗ ಅಂತ ಕೇಳ್ತಾನೆ." ಅವಳು ಆ ಐದು ತಿಂಗಳು ಎಲ್ಲೆಲ್ಲಿ ಬರುತ್ತದೆಂದು ಕಾಳು ಸರಿಸಿ ಸರಿಸಿ ಬಾಯಿಪಾಠ ಮಾಡಿದಳು. ಅಪ್ಪ ಅವಳನ್ನು ಹುನಾಲ್‌ಗೆ ಕೊಟ್ಟಾಗ ತನ್ನ ಕುಂಚಗಳನ್ನೂ ಶಂಖದ ಮಸಿಬಟ್ಟಲನ್ನೂ ಕೊಟ್ಟ. ಅಳಿಯ ಕುಂಚಗಳನ್ನು ಎರಡು ಕೈಯಲ್ಲಿ ತೆಗೆದುಕೊಂಡು ಹಣೆಗೊತ್ತಿಕೊಂಡದ್ದು ಅವಳಿಗೆ ನೆನಪಿತ್ತು.

ಹುನಾಲ್ ಕೆಟ್ಟವನಾಗಿರಲಿಲ್ಲ. ಅವನ ಗೀಟುಗಳು ಬಹಳ ಚೆಂದ. ನೋಡಿದವರೆಲ್ಲ ಗೀಟನ್ನು ಹೊಗಳುತ್ತಿದ್ದರು. ಲೆಕ್ಕದಲ್ಲಿ ಮಾತ್ರ ಅವನು ಅವಸರದವನು. ಆವತ್ತು ಹುನಾಲ್‌ನ ತಮ್ಮ ಮುಲುಕನೂ ಪುಸ್ತಕಮನೆಯ ಹಿರಿಯನೂ ಬಂದು ಕೂತಿದ್ದರು, ಅವಳು ಎತ್ತರದಿಂದ ಸುರಿಸುರಿದು ಕೋಕೋಗೆ ನೊರೆ ಬರಿಸುತ್ತಿದ್ದಳು. ಹಾಳೆಯ ಮೇಲೆ ಕಣ್ಣು ಬಿದ್ದು, ತಡೆಯಲಾರದೆ, "ಇಲ್ಲಿ ಒಂದು ಚುಕ್ಕೆ ಹೆಚ್ಚಾಗಿದೆ" ಎಂದುಬಿಟ್ಟಳು. ಹುನಾಲ್ ನಕ್ಕ. "ನೋಡಿ ಹಿರಿಯರೆ, ಇವಳು ಜೋಳ ಅರೆಯುವಾಗ ಕಾಳು ಎಣಿಸ್ತಾಳೆ. ಅದೇ ಕೈಯಲ್ಲಿ ಆಕಾಶಾನೂ ಅರೆದು ರೊಟ್ಟಿ ತಟ್ಟಿಬಿಡ್ತಾಳೆ!" ಹಿರಿಯ ನಕ್ಕ. ಮುಲುಕ್ ಕೋಕೋ ನೆತ್ತಿಗೇರುವಷ್ಟು ನಕ್ಕ. ಅವಳೂ ನಕ್ಕಳು, ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು. ಮರುದಿನ ಗಂಡ ಆ ಚುಕ್ಕೆಯನ್ನು ಕೆರೆದು ತೆಗೆದಿದ್ದ. ಅವಳಿಗೆ ಬೆನ್ನು ಮಾಡಿ ಕೂತು, ಮುಂದಿನ ಎರಡು ಸಾಲನ್ನು ಬರೆದ. ಎಂಟರ ಕೆಳಗೆ ಹದಿನೇಳು, ನೂರ ಎಪ್ಪತ್ತೇಳು. ಮತ್ತೆ ಎಂಟರ ಕೆಳಗೆ ಹದಿನೇಳು. ಎರಡನೆಯದು ಏಳರ ಕೆಳಗೆ ಎಂಟಾಗಬೇಕಿತ್ತು, ಐದು ತಿಂಗಳಿನ ಸಾಲು. ಮಸಿ ಅರೆಯುತ್ತಿದ್ದ ಅವಳು ಅವನ ಭುಜದ ಮೇಲಿಂದ ಅದನ್ನು ಕಂಡಳು. ಮಸಿ ಇನ್ನೂ ಹಸಿಯಿತ್ತು. ನಿನ್ನೆಯ ನಗು ಅವಳ ಬಾಯಲ್ಲಿ ಹಾಗೇ ಕೂತಿತ್ತು. ನಾಳೆ ಹೇಳಿದರಾಯಿತು, ಅಂದುಕೊಂಡಳು.

ಅವಳ ಕೈಯಲ್ಲಿ ಮುನ್ನೂರ ಇಪ್ಪತ್ತೈದು ದಿನಗಳಿದ್ದವು. ಅದನ್ನೂ ಎಣಿಸಿದ್ದಳು. ಮೊದಲ ಸಾಲಿನ ದಿನ ಬಂತು, ಜನ ಮನೆಯೊಳಗಿರಲೆಂದು ಡೋಲು ಬಾರಿಸಿದರು, ಸೂರ್ಯನಿಗೆ ಏನೂ ಆಗಲಿಲ್ಲ. ಎರಡನೆಯದೂ ಹಾಗೇ ಬೇರೆ ದೇಶದವರ ತಲೆಯ ಮೇಲೆ ಹೋದೀತು ಎಂದು ನಂಬಿಕೊಂಡಳು. ಪುಸ್ತಕ ಆಗಲೇ ಆಸ್ಥಾನ ಸೇರಿತ್ತು. ಈಗ ಹೇಳಿದರೆ ಅದನ್ನು ವಾಪಸು ತರಿಸಬೇಕು, ಗಂಡನಿಗೆ ಅವಮಾನ. ಹೀಗೆ ಗಂಡನ ಮಾನವನ್ನೇ ನೆವ ಮಾಡಿಕೊಂಡು ದಿನ ದೂಡಿದಳು. ಕೆಲವು ದಿನ ಅವನು ಊಟದಲ್ಲಿ ಅವಳಿಗೂ ಒಂದು ತುಂಡು ಜಿಂಕೆ ಮಾಂಸ ಉಳಿಸಿರುತ್ತಿದ್ದ, ಆಗ ಹೇಳಲು ಬಾಯಿ ತೆರೆಯುತ್ತಿದ್ದಳು. ಅಷ್ಟರಲ್ಲಿ ಅವನು ಮೆಣಸಿನಕಾಯಿ ಕೇಳುತ್ತಿದ್ದ.

ಈಗ ಅರವತ್ತು ದಿನದ ಹಿಂದೆ, ಆರು ಇಕ್ ದಿನ, ಬೆಳಗಿನ ಬಿಸಿಲಲ್ಲಿ, ಮುಲುಕನ ಎಂಟು ತಿಂಗಳ ಬಸುರಿ ಹೆಂಡತಿ ಇಶ್ ಲೋಲ್ ಇದೇ ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದಳು. ಮರದ ಕೆಳಗೆ ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕತ್ತರಿಸಿದ ಉಗುರಿನ ಆಕಾರಕ್ಕೆ ತಿರುಗಿದ್ದನ್ನು ಮುಯಲ್ ಎಲ್ಲರಿಗಿಂತ ಮೊದಲು ಕಂಡಳು. ಡೋಲು ಬಾರಿಸಲು ಇನ್ನೂ ಇಪ್ಪತ್ತೊಂಬತ್ತು ದಿನ ಇತ್ತು. ಯಾರೂ ಮಡಕೆ ಬಡಿಯಲಿಲ್ಲ, ಯಾವ ಬಸುರಿಯ ಹೊಟ್ಟೆಗೂ ಕಾವಲಿಗೆಂದು ಕಪ್ಪು ಗಾಜುಗಲ್ಲಿನ ಚೂರು ಕಟ್ಟಿರಲಿಲ್ಲ. ಇಶ್ ಲೋಲ್ ಐದು ಮಾರು ದೂರದಲ್ಲಿದ್ದಳು. ಕೈಹಿಡಿದು ಒಳಗೆ ಎಳೆದುಕೊಂಡಿದ್ದರೆ ಆಗುತ್ತಿತ್ತು. ಎಳೆದರೆ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಅವಳು ಮರದ ಕೆಳಗೆ ನಿಂತೇ ಇದ್ದಳು. ಬೆಳಕು ಹಳಸಿದಂತಾಯಿತು, ಟರ್ಕಿ ಕೋಳಿಗಳು ಗೂಡಿಗೆ ಹೋದವು, ಇಶ್ ಲೋಲ್ ಸೊಂಟಕ್ಕೆ ಕೈಕೊಟ್ಟು ಮುಖ ಎತ್ತಿ ನೋಡಿದಳು. ಆ ಹೊತ್ತಿಗೆ ಅರಸ, ಬೇರೆ ನಗರದ ದೂತರೆದುರು ಮೆಟ್ಟಿಲ ಮೇಲೆ ಗರಿ ತೊಟ್ಟು ನಿಂತಿದ್ದನಂತೆ. ಸೂರ್ಯನ ಸುದ್ದಿ ತನಗೆ ಮೊದಲು ಬರುತ್ತದೆಂದು ಹೇಳಿ ಬಾಯಿ ಮುಚ್ಚಿರಲಿಲ್ಲವಂತೆ.

ಸಂಜೆಗೆ ಹುನಾಲ್ ಮನೆಗೆ ಬಂದ. ಅರಸನ ಕಡೆಯವರು ಬಲಗೈಯ ಮೂರು ಬೆರಳು ಮುರಿದಿದ್ದರು, ಉಗುರು ಕಿತ್ತಿದ್ದರು. ಜ್ವರ ಏರಿತು, ಕೈ ಮೊಳಕೈವರೆಗೆ ಕಪ್ಪಾಯಿತು. ಒಂಬತ್ತನೆಯ ದಿನ, ಎರಡು ಚುವೆನ್, ಅವನಿಗೆ ಸ್ವಲ್ಪ ತಿಳಿವು ಬಂದಿತ್ತು. "ಬಹಳ ಕಷ್ಟದ ಲೆಕ್ಕ ಅದು. ನಿಮ್ಮಪ್ಪನಿಗೂ ಸಿಗ್ತಿರಲಿಲ್ಲ. ನಿನಗೇನಾದ್ರೂ ಅನ್ನಿಸಿತ್ತಾ?" ಎಂದ. ಅವನ ಕಣ್ಣು ಉತ್ತರವನ್ನು ಮೊದಲೇ ಆರಿಸಿಟ್ಟುಕೊಂಡು ಅವಳನ್ನು ನೋಡುತ್ತಿತ್ತು. "ಇಲ್ಲ. ಯಾರಿಗೂ ಗೊತ್ತಾಗೋದಲ್ಲ" ಎಂದಳು. ಅವನು ತಲೆಯಾಡಿಸಿ ಗೋಡೆಯ ಕಡೆ ತಿರುಗಿದ. ಆ ರಾತ್ರಿಯೇ ಜೀವ ಹೋಯಿತು. ಮದುವೆಯಾದ ಮೇಲೆ ಅವನಿಗೆ ಅವಳಿಂದ ಇಷ್ಟು ನೆಮ್ಮದಿ ಸಿಕ್ಕಿದ್ದು ಅದೊಂದೇ ಸಲ ಇರಬೇಕು.

"ಏ, ಮುಲುಕ್ ಬಂದ ನೋಡು. ಮಣೆ ಹಾಕು," ಎಂದಳು ಹೊಸ್ತಿಲಿನಿಂದ ಅತ್ತೆ.

ಮೈದುನ ಜಿಂಕೆಯ ತೊಗಲಿನಲ್ಲಿ ಸುತ್ತಿದ ಪುಸ್ತಕವನ್ನು ಕೂಸಿನ ಹಾಗೆ ಎದೆಗವಚಿಕೊಂಡು ಅಂಗಳ ದಾಟಿ ಬಂದ. ಅಣ್ಣನ ಜಾಗ ಅವನಿಗೆ ಸಿಕ್ಕಿ ನಲವತ್ತು ದಿನವಾಗಿತ್ತು. ಈ ನಲವತ್ತು ದಿನದಲ್ಲಿ ನಡಿಗೆ ಬದಲಾಗಿತ್ತು. ನಿದ್ದೆ ಮಾತ್ರ ಇದ್ದಂತಿರಲಿಲ್ಲ.

"ಅತ್ತಿಗೆ, ಸ್ವಲ್ಪ ಮಸಿ ಅರೆದು ಕೊಡ್ತೀರಾ? ಒಂದೇ ಒಂದು ಸಾಲು ಉಳಿದಿದೆ. ಮಧ್ಯಾಹ್ನಕ್ಕೆ ಆಸ್ಥಾನದ ಹೊರೆಯಾಳುಗಳು ಬರ್ತಾರೆ. ಇವಳ ಕೈಯಲ್ಲಿ ಮಸಿ ಬರೀ ಗಂಟು."

"ನಿನ್ನ ಹೆಂಡ್ತಿ ಅಂಬಲೀನೇ ಗಂಟು ಮಾಡ್ತಾಳೆ, ಮಸಿ ಬಿಡ್ತಾಳಾ?" ಎಂದಳು ಅತ್ತೆ. ಆಮೇಲೆ ದನಿ ಇಳಿಸಿ, "ಕೂಸು ಹಾಲು ಕುಡೀತಾ?"

"ಬಾಯಿ ಕೂಡಲ್ಲಮ್ಮ. ಹತ್ತೀಲಿ ಅದ್ದಿ ಹಿಂಡಬೇಕು. ಅರ್ಧ ಮೂಗಲ್ಲಿ ಬರುತ್ತೆ."

ಕೂಸು ಹುಟ್ಟಿ ಇಪ್ಪತ್ತು ದಿನ. ಮೇಲ್ದುಟಿ ಮೂಗಿನವರೆಗೆ ಸೀಳಿತ್ತು. ಸೂರ್ಯನನ್ನು ಕಚ್ಚಿದ ಬಾಯಿ ಕೂಸನ್ನೂ ಕಚ್ಚಿತೆಂದು ಊರೆಲ್ಲ ಹೇಳಿತು. ಮುಯಲ್ ಒಮ್ಮೆ ಮಾತ್ರ ಹೋಗಿ ನೋಡಿ ಬಂದಿದ್ದಳು.

ಮುಲುಕ್ ಪುಸ್ತಕ ಬಿಚ್ಚಿ ಮಡಿಕೆಗಳನ್ನು ಚಾಪೆಯ ಮೇಲೆ ಉದ್ದಕ್ಕೆ ಹಾಸಿದ. ಅದು ಹಳೆಯ ಪುಸ್ತಕವೇ. ಹುನಾಲ್ ಬರೆದದ್ದರ ಮೇಲೆ ತೆಳ್ಳಗೆ ಸುಣ್ಣ ಬಳಿದು, ಉಜ್ಜಿ ನುಣುಪು ಮಾಡಿಕೊಟ್ಟವಳು ಅವಳೇ. ಒಂದೆರಡು ಕಡೆ ಬಿಳುಪಿನ ಅಡಿಯಿಂದ ಗಂಡನ ಗೀಟು ಮಂಕಾಗಿ ಕಾಣುತ್ತಿತ್ತು.

"ಅಣ್ಣನ ಲೆಕ್ಕ ತಪ್ಪಿರಲಿಲ್ಲಮ್ಮ," ಮುಲುಕ್ ತಾಯಿಗೆ ವಿವರಿಸಿದ. "ಶುರು ಮಾಡಿದ ದಿನ ತಪ್ಪಿತ್ತು, ಅಷ್ಟೆ. ನಾನು ಆರು ಇಕ್‌ನಿಂದಲೇ, ತಿಂದ ದಿನದಿಂದಲೇ ಶುರು ಮಾಡಿದೀನಿ. ಅಲ್ಲಿಂದ ಎಲ್ಲ ಆರು ಆರು ತಿಂಗಳು, ಕೂದಲೆಳೆ ಆಚೀಚೆ ಆಗಲ್ಲ."

"ಹಾಗಂತ ಅಲ್ಲಿ ಜೋರಾಗಿ ಹೇಳು. ನನ್ನ ಹುನಾಲ್ ತಪ್ಪಲ್ಲ ಅಂತ ಎಲ್ಲರ ಕಿವಿಗೆ ಬೀಳ್ಲಿ." ಅತ್ತೆಯ ಕಣ್ಣು ತುಂಬಿತು. ಬೀಜದ ಬುಟ್ಟಿ ಸರಿಸಿ ಎದ್ದು, ಒಂದು ಬಟ್ಟಲು ತಿಳಿ ಅಂಬಲಿ ತೆಗೆದುಕೊಂಡು, ಕೂಸನ್ನು ನೋಡಿ ಬರುತ್ತೇನೆಂದು ಹೊರಟಳು. ಹೋಗುತ್ತ ಸೊಸೆಗೆ, "ಆಳುಗಳಿಗೆ ಕಡುಬು ಬೇಯಿಸು. ಎಲೆ ಒದ್ದೆ ಮಾಡಿ ಸುತ್ತು, ಹೋದ ಸಲ ಒಡೆದಿತ್ತು" ಎಂದಳು.

ಇಬ್ಬರೇ ಉಳಿದರು. ಅವಳು ಶಂಖದ ಬಟ್ಟಲಿಗೆ ಕಾಡಿಗೆ ಹಾಕಿ, ಅಂಟು ಬೆರೆಸಿ, ಅರೆಯುತ್ತ ಸಾಲುಗಳನ್ನು ನೋಡಿದಳು. ನೋಡಬಾರದೆಂದುಕೊಂಡೇ ನೋಡಿದಳು. ಎಂಟರ ಕೆಳಗೆ ಹದಿನೇಳು, ಆರು ಸಲ. ಆರೂ ಸರಿ. ಏಳನೆಯ ಮನೆ ಕೆಂಪು ಗೆರೆಯೊಳಗೆ ಖಾಲಿ ಇತ್ತು. ಆರು ಇಕ್‌ನಿಂದ ಸಾವಿರದ ಇನ್ನೂರ ಹತ್ತನೆಯ ದಿನ ಅದು ಬಾಯಿ ತೆರೆಯುತ್ತದೆ. ಈವತ್ತಿನಿಂದ ಸಾವಿರದ ನೂರ ಐವತ್ತು. ಆ ದಿನದ ಹೆಸರು ಏಳು ಎಬ್. ಮುಲುಕ್ ಇಲ್ಲಿ ಆರು ತಿಂಗಳು ಬರೆದರೆ ಏಳು ಎಬ್‌ನಂದು ಡೋಲಿನವರು ನಿದ್ದೆ ಮಾಡುತ್ತಿರುತ್ತಾರೆ. ಅವನು ಕುಂಚದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಚೂಪು ಮಾಡುತ್ತಿದ್ದ, ಹುನಾಲ್ ಮಾಡುತ್ತಿದ್ದ ಹಾಗೆಯೇ. ಅವನ ಬೆರಳುಗಳು ಅಣ್ಣನವಕ್ಕಿಂತ ಗಿಡ್ಡ. ಉಗುರಲ್ಲಿ ಹಾಲಿನ ಕರೆ.

"ಮುಲುಕ್," ಎಂದಳು. "ಇಲ್ಲಿ ಏಳರ ಕೆಳಗೆ ಎಂಟು ಬರುತ್ತೆ."

ಅವನು ನಕ್ಕ. ಅಭ್ಯಾಸದ ನಗು. "ಅಂದ್ರೆ? ಐದೇ ತಿಂಗಳಾ? ಅತ್ತಿಗೆ, ಕಡುಬು ಒಲೆಯಲ್ಲಿ ಇದೆಯಾ ನೋಡಿ."

"ಆರು ಸಲ ಆರು ಆದ ಮೇಲೆ ಇಲ್ಲಿ ಐದು. ನಮ್ಮಪ್ಪ ಕಾಳಲ್ಲಿ ಹೇಳಿಕೊಟ್ಟಿದ್ದು. ಹೋದ ಸಲಾನೂ ಇದೇ ಆಗಿದ್ದು. ಶುರುವಿನ ದಿನ ಸರಿಯಾಗೇ ಇತ್ತು. ಎರಡನೇ ಸಾಲು ಐದಾಗಬೇಕಿತ್ತು, ಅವರು ಆರು ಬರೆದ್ರು. ಅದಕ್ಕೇ ಇಪ್ಪತ್ತೊಂಬತ್ತು ದಿನ ಮೊದಲೇ ಬಂತು."

ಕುಂಚ ಅವನ ತುಟಿಯ ಹತ್ತಿರವೇ ನಿಂತಿತು. ಇಪ್ಪತ್ತೊಂಬತ್ತು ಎಂಬ ಮಾತು ಅವನನ್ನು ಹಿಡಿಯಿತು ಎಂದು ಅವಳಿಗೆ ಕಂಡಿತು. ಅವನು ಬೆರಳು ಮಡಚಿ ಏನೋ ಕೂಡಿಸಿದ, ಕಳೆದ. ಅವನು ದಡ್ಡನಾಗಿರಲಿಲ್ಲ. ಅವಳಿಗೆ ಒಂದು ಕ್ಷಣ ಹಗುರವೆನಿಸಿತು. ಅಪ್ಪನೆದುರು ಕೂತಂತೆ, ತಾನು ಹೇಳಿದ್ದು ಇನ್ನೊಂದು ತಲೆಯೊಳಗೆ ಹೋಗಿ ಕೂರುವುದನ್ನು ನೋಡುವ ಸುಖ, ಎಷ್ಟೋ ವರ್ಷದಿಂದ ಮರೆತಿದ್ದದ್ದು.

"ಇದು ನಿಮಗೆ ಯಾವಾಗ ಗೊತ್ತಾಯ್ತು?" ಮುಲುಕ್ ಮೆಲ್ಲಗೆ ಕೇಳಿದ.

ಈಗ, ಎನ್ನಬಹುದಿತ್ತು. ಅವನು ಸತ್ತ ಮೇಲೆ ಕೂತು ಯೋಚಿಸಿದೆ, ಎನ್ನಬಹುದಿತ್ತು. ಅಷ್ಟು ಸುಳ್ಳಿಗೆ ಬೇಕಾದ ಶಕ್ತಿಯೂ ಅವಳಲ್ಲಿರಲಿಲ್ಲ.

"ಬರೆದ ದಿನವೇ."

"ಅಣ್ಣ ಬರೆದ ದಿನ?"

"ಮಸಿ ಒಣಗಿರಲಿಲ್ಲ."

ಅವನು ಕುಂಚವನ್ನು ಬಟ್ಟಲಿನ ಅಂಚಿಗೆ ಒರಗಿಸಿದ. ಒಲೆಯಲ್ಲಿ ಒಂದು ಸೌದೆ ಜಾರಿತು.

"ಆವತ್ತು ಅಂಗಳದಲ್ಲಿ ನನ್ನ ಹೆಂಡ್ತಿ ನಿಂತಿದ್ದಳಲ್ಲ. ನೀನೂ ಇದ್ದೆ. ನೀನೂ ಇದ್ದೆ ಅಂತ ಅವಳೇ ಹೇಳಿದಾಳೆ."

ಇಷ್ಟು ವರ್ಷ ಅತ್ತಿಗೆಯನ್ನು ನೀವು ಎಂದವನು ನೀನು ಎಂದದ್ದು ಅವನಿಗೆ ಗೊತ್ತಾದಂತೆ ಕಾಣಲಿಲ್ಲ. "ಇದ್ದೆ" ಎಂದಳು.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಅವನು ಹೊಡೆಯುತ್ತಾನೆ ಎಂದುಕೊಂಡಳು. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಅವಳ ಮುಖವನ್ನು, ಒಂದು ಅಳಿಸಿದ ಹಾಳೆಯಲ್ಲಿ ಕೆಳಗಿನ ಬರಹ ಹುಡುಕುವವನ ಹಾಗೆ, ಒಂದೊಂದೇ ಅಂಗುಲ ನೋಡಿದ. "ಗಂಡನಿಗೆ ಹೇಳಲಿಲ್ಲ. ಬಸುರಿಗೆ ಹೇಳಲಿಲ್ಲ. ಈಗ ನನ್ನ ಮೇಲೇನು ಅಷ್ಟು ಪ್ರೀತಿ?"

"ನಿನ್ನ ಬೆರಳು..." ಎಂದಳು.

"ನನ್ನ ಬೆರಳು ಎಣಿಸಿ ಇಟ್ಟಿದೀಯಾ?" "ಅವನನ್ನ ಸುಮ್ಮನಿದ್ದು ಮುಗಿಸಿದೆ. ನನ್ನನ್ನ ಮಾತಾಡಿ ಮುಗಿಸ್ಬೇಕು ಅಂತಾನಾ? ಅವನ ಜಾಗದಲ್ಲಿ ಕೂತಿದೀನಲ್ಲ, ಅದು ಹೊಟ್ಟೆಯೊಳಗೆ ಉರೀತಿದೆ ಅಲ್ವಾ?"

"ಕಾಳು ತರ್ತೀನಿ. ತೋರಿಸ್ತೀನಿ. ನೀನೇ ಎಣಿಸು."

"ನಿನ್ನ ಕಾಳು ನಿನ್ನ ಮಾತೇ ಆಡುತ್ತೆ."

ಅವಳು ಒಳಗೆ ಹೋಗಿ ಅವರೆಕಾಳಿನ ಮಡಕೆ ತಂದಳು. ತೇಪೆಯನ್ನು ತುಳಿಯದೆ ಬಳಸಿ ಬರಬೇಕಾದ್ದರಿಂದ ಒಂದು ಗಳಿಗೆ ಹೆಚ್ಚು ಹಿಡಿಯಿತು. ಬರುವಷ್ಟರಲ್ಲಿ ಅವನು ಬಾಗಿ ಕುಂಚ ಊರಿದ್ದ. ಒಂದು ಗೀಟು, ಅದರ ಮೇಲೆ ಮೂರು ಚುಕ್ಕೆ. ಎಂಟು. ಅದರ ಕೆಳಗೆ ಮೂರು ಗೀಟು, ಎರಡು ಚುಕ್ಕೆ. ಹದಿನೇಳು. ಅವಳು ಅರೆದ ಮಸಿ ಗಂಟಿಲ್ಲದೆ ನುಣ್ಣಗೆ ಹರಿದು, ಸುಣ್ಣದ ಬಿಳುಪಿನ ಮೇಲೆ ಹೊಳೆಯಿತು. ಅವಳು ಮಡಕೆ ಹಿಡಿದುಕೊಂಡೇ ನಿಂತಳು.

"ಅಮ್ಮನಿಗೆ ಹೇಳಲ್ಲ," ಎಂದ ಮುಲುಕ್, ತಲೆ ಎತ್ತದೆ. "ಹೇಳಿದ್ರೆ ಅವಳು ಸಾಯ್ತಾಳೆ. ನೀನು ಇನ್ನು ಈ ಪುಸ್ತಕ ಮುಟ್ಟಬೇಡ. ನನ್ನ ಕೂಸನ್ನೂ."

ಅತ್ತೆ ವಾಪಸು ಬರುವುದಕ್ಕೂ ಹೊರೆಯಾಳುಗಳು ಬರುವುದಕ್ಕೂ ಸರಿಯಾಯಿತು. ನಾಲ್ಕು ಜನ, ಹಣೆಗೆ ಹೊರೆಪಟ್ಟಿ ಬಿಗಿದವರು, ಮೈಯೆಲ್ಲ ಬಿಳಿ ಹಾದಿಯ ಧೂಳು. ಮಸಿ ಒಣಗಲಿ ಎಂದು ಅಂಗಳದ ನೆರಳಲ್ಲಿ ಕೂತರು. ಮುಯಲ್ ಕಡುಬು ಬಡಿಸಿದಳು. ಒಂದೂ ಒಡೆದಿರಲಿಲ್ಲ. ಅವರಲ್ಲಿ ವಯಸ್ಸಾದವನೊಬ್ಬ, ಹಲ್ಲಿಲ್ಲದವನು, ಎಲೆ ಬಿಡಿಸುತ್ತ ಮಾತಿಗೆ ಶುರು ಮಾಡಿದ.

"ಹೋದ ಸಲದ ಪುಸ್ತಕ ಹೊತ್ತವನೂ ನಾನೇ. ಸೂರ್ಯ ಮಾಯವಾದಾಗ ನನ್ನ ಹೆಂಡ್ತಿ ಏನಂದಳು ಗೊತ್ತಾ? ನೀನೇ ದಾರೀಲಿ ಎಲ್ಲೋ ಒಂದು ತಿಂಗಳು ಬೀಳಿಸಿರ್ತೀಯ, ನಿನ್ನ ಬುಟ್ಟೀಲಿ ತೂತಿದೆ ಅಂದಳು!"

ಆಳುಗಳು ನಕ್ಕರು. ಅತ್ತೆಯ ಮುಖ ಬಿಗಿಯಾಯಿತು. ಮುದುಕ ಅದನ್ನು ಕಂಡು, ಸರಿಮಾಡಲು ಮುಯಲ್ ಕಡೆ ತಿರುಗಿದ.

"ತಾಯಿ, ನೀನು ಲೆಕ್ಕದವರ ಮನೆ ಹೆಣ್ಣು, ಲೆಕ್ಕದವರ ಮನೆ ಸೊಸೆ. ನೀನೇ ಹೇಳಿಬಿಡು. ಈ ಸಲ ಸರಿ ಇದೆಯೋ?"

ಅವಳು ಅವನ ಬಟ್ಟಲಿಗೆ ಸಾರು ಹಾಕಿದಳು. "ಇಲ್ಲ" ಎಂದಳು. "ತಪ್ಪಿದೆ. ಏಳು ಎಬ್ ದಿನ ಸೂರ್ಯನನ್ನ ತಿನ್ನುತ್ತೆ. ಪುಸ್ತಕದಲ್ಲಿ ಹಾಗೆ ಬರೆದಿಲ್ಲ."

ಒಂದು ಗಳಿಗೆ ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ಮುದುಕ ತೊಡೆ ತಟ್ಟಿಕೊಂಡು ನಕ್ಕ, ಅವನ ಬಾಯಿಂದ ಜೋಳ ಸಿಡಿಯಿತು. ಉಳಿದವರೂ ನಕ್ಕರು. "ಅಬ್ಬಾ, ಐವತ್ತು ದಿನಕ್ಕೆ ಇವಳ ಬಾಯಲ್ಲಿ ಒಂದು ತಮಾಷೆ ಬಂತಲ್ಲ" ಎಂದು ಅತ್ತೆಯೂ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಮುಲುಕ್. ನಗುತ್ತ ನಗುತ್ತ ಅವನು ತನ್ನ ಬಲಗೈಯನ್ನು ಎಡಗೈಯಲ್ಲಿ ಮುಚ್ಚಿ, ಎದೆಗೆ ಒತ್ತಿ ಹಿಡಿದುಕೊಂಡಿದ್ದ.